ಮಂಗಳದ ಮೀಥೇನ್ ಮತ್ತು ನಮ್ಮ ಅವಸರ

2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋ ನಿಯಂತ್ರಣ ಕೇಂದ್ರದಲ್ಲಿ ಚಪ್ಪಾಳೆಯ ಸದ್ದು ಮೊಳಗಿತು. ಸುಮಾರು 300 ದಿನಗಳ ಕಾಲ ನಿದ್ರಿಸಿದ್ದ ಎಂಜಿನ್ ಮತ್ತೆ ಉರಿದು, ಮಂಗಳಯಾನ ನೌಕೆಯು ಕೆಂಪು ಗ್ರಹದ ಕಕ್ಷೆಯನ್ನು ಸೇರಿತ್ತು. ಆ ಸುದ್ದಿಯನ್ನು ಹೊತ್ತ ಸಂಕೇತವು ಭೂಮಿಯನ್ನು ಮುಟ್ಟಲು 12 ನಿಮಿಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅಂದು ಇಡೀ ಊರು ಹಬ್ಬದ ಸಂಭ್ರಮದಲ್ಲಿತ್ತು.

ಸಂಜೆ ಹನುಮಂತನಗರದಲ್ಲಿ ನಾವು ಮಕ್ಕಳಿಗೆ ಪಾಠ ಹೇಳುತ್ತಿದ್ದ ಚಿಕ್ಕ ಕೋಣೆಯಲ್ಲೂ ಅದೇ ಮಾತು. ಮನೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ ಆಡುವ ಆ ಮಕ್ಕಳು ಎರಡೂ ಭಾಷೆಗಳಲ್ಲಿ ಮಂಗಳಯಾನವನ್ನೇ ಮಾತನಾಡುತ್ತಿದ್ದರು. ನೌಕೆಯಲ್ಲಿ ಮೀಥೇನ್ ಎಂಬ ಅನಿಲವನ್ನು ಹುಡುಕುವ ಉಪಕರಣವಿದೆ, ಆ ಅನಿಲವು ಜೀವದ ಕುರುಹಾಗಿರಬಹುದು ಎಂದು ಪತ್ರಿಕೆಗಳು ಬರೆದಿದ್ದವು. ನಾವು ಮಕ್ಕಳ ಮುಂದೆ ಪವಿತ್ರ ಕುರ್‌ಆನಿನ ಅಶ್ಶೂರಾ ಅಧ್ಯಾಯದ 29ನೆಯ ಸೂಕ್ತವನ್ನು ಓದಿದೆವು. ಆಕಾಶಗಳಲ್ಲೂ ಭೂಮಿಯಲ್ಲೂ ಹರಡಿರುವ ಜೀವಿಗಳನ್ನು ಅಲ್ಲಾಹನ ದೃಷ್ಟಾಂತಗಳಲ್ಲಿ ಒಂದೆಂದು ಆ ಸೂಕ್ತವು ಸ್ಮರಿಸುತ್ತದೆ. ಓದಿ ಮುಗಿಸಿದ ಬಳಿಕ ಹೆಮ್ಮೆಯಿಂದ ಒಂದು ಮಾತನ್ನು ಸೇರಿಸಿದೆವು. ಇನ್ನು ಕೆಲವೇ ತಿಂಗಳುಗಳಲ್ಲಿ ನಮ್ಮ ದೇಶದ ಯಂತ್ರವೇ ಈ ಸೂಕ್ತಕ್ಕೆ ಸಾಕ್ಷಿ ನುಡಿಯಲಿದೆ ಎಂದೆವು.

ಎರಡು ವರ್ಷಗಳ ನಂತರ, 2016ರ ಕೊನೆಯಲ್ಲಿ, ಅದೇ ಮಕ್ಕಳಲ್ಲಿ ಒಬ್ಬನು ಪದವಿಪೂರ್ವ ತರಗತಿಯ ವಿದ್ಯಾರ್ಥಿಯಾಗಿ ನಮ್ಮ ಬಳಿಗೆ ಬಂದನು. ಮಂಗಳಯಾನದ ಮೀಥೇನ್ ಉಪಕರಣವು ಮೀಥೇನನ್ನು ಅಳೆಯಲಾರದು ಎಂಬ ಸುದ್ದಿ ಅವನ ಮೊಬೈಲಿನಲ್ಲಿತ್ತು. "ಉಸ್ತಾದ್, ಸಾಕ್ಷಿಯೇ ಬಿದ್ದುಹೋಯಿತಲ್ಲ, ಹಾಗಾದರೆ ಆ ಸೂಕ್ತದ ವಿಷಯ ಏನು?" ಎಂದು ಕೇಳಿದನು. ಅವನ ಧ್ವನಿಯಲ್ಲಿ ಕುಚೋದ್ಯವಿರಲಿಲ್ಲ. ನಿಜವಾದ ಆತಂಕವಿತ್ತು. ಅಂದು ನಮ್ಮ ಬಳಿ ಸರಿಯಾದ ಉತ್ತರವಿರಲಿಲ್ಲ. ಈ ಬರಹವು ಆ ಹುಡುಗನಿಗೆ ನಾವು ತಡವಾಗಿ ಕೊಡುತ್ತಿರುವ ಉತ್ತರ.

ಬೆಳಕು ಹೇಳುವ ಸಾಕ್ಷ್ಯ

ಕೋಟ್ಯಂತರ ಕಿಲೋಮೀಟರ್ ದೂರದಲ್ಲಿರುವ ಗ್ರಹದ ಗಾಳಿಯಲ್ಲಿ ಏನಿದೆ ಎಂದು ಮನುಷ್ಯನು ತಿಳಿಯುವುದು ಹೇಗೆ? ಆ ಗಾಳಿಯನ್ನು ಹಾದು ಬಂದ ಬೆಳಕಿನಿಂದ. ಪ್ರತಿಯೊಂದು ಅಣುವೂ ಬೆಳಕಿನ ಕೆಲವು ನಿರ್ದಿಷ್ಟ ಅಲೆಗಳನ್ನು ಮಾತ್ರ ಹೀರಿಕೊಳ್ಳುತ್ತದೆ. ಹೀಗೆ ಕಾಣೆಯಾದ ಅಲೆಗಳು ಆ ಅಣುವಿನ ಬೆರಳಚ್ಚಿದ್ದಂತೆ. ಬೆಳಕನ್ನು ಬಿಡಿಸಿ ನೋಡಿದರೆ, ದಾರಿಯಲ್ಲಿ ಅದು ಯಾರನ್ನು ಭೇಟಿಯಾಗಿ ಬಂದಿದೆ ಎಂಬುದನ್ನು ಓದಬಹುದು.

ಹನುಮಂತನಗರದವರಿಗೆ ಬೆಳಕನ್ನು ಕಾಯುವುದು ಹೊಸದೇನೂ ಅಲ್ಲ. ಪಕ್ಕದ ಗವಿಪುರದ ಗುಹಾಲಯದೊಳಕ್ಕೆ ಸಂಕ್ರಾಂತಿಯ ಸಂಜೆ ಸೂರ್ಯಕಿರಣ ಪ್ರವೇಶಿಸುವುದನ್ನು ನೋಡಲು ನಮ್ಮ ನೆರೆಹೊರೆಯವರು ಪ್ರತಿ ವರ್ಷ ನೆರೆಯುತ್ತಾರೆ. ಬೆಳಕಿನ ನಡೆಯನ್ನು ಶಾಸ್ತ್ರವಾಗಿ ಕಟ್ಟಿದವರಲ್ಲಿ ಬಸ್ರಾದ ಇಬ್ನುಲ್ ಹೈಸಮ್ ಅಗ್ರಗಣ್ಯರು. ಸುಮಾರು ಸಾವಿರ ವರ್ಷಗಳ ಹಿಂದೆ ಅವರು ದೃಷ್ಟಿ ಮತ್ತು ಬೆಳಕಿನ ಕುರಿತು 'ಕಿತಾಬುಲ್ ಮನಾಝಿರ್' ಬರೆದರು. ಟಾಲೆಮಿಯಂತಹ ಮಹಾ ಗುರುವಿನ ಗ್ರಂಥಗಳಲ್ಲಿ ತಮಗೆ ಕಂಡ ಸಂದೇಹಗಳನ್ನು ಪಟ್ಟಿಮಾಡಿ ಇನ್ನೊಂದು ಕೃತಿಯನ್ನೇ ರಚಿಸಿದರು. ಗೌರವ ಬೇರೆ, ಪರಿಶೀಲನೆ ಬೇರೆ ಎಂಬುದು ಅವರ ನಡೆಯಲ್ಲಿಯೇ ಇದೆ.

ಗಾಳಿಯನ್ನು ನೋಡಿ ಜೀವವನ್ನು ಊಹಿಸಬಹುದೆಂಬ ಆಲೋಚನೆಗೆ ಸ್ಪಷ್ಟ ರೂಪ ಕೊಟ್ಟವರು ಬ್ರಿಟಿಷ್ ವಿಜ್ಞಾನಿ ಜೇಮ್ಸ್ ಲವ್‌ಲಾಕ್. 1965ರಲ್ಲಿ ಅವರು ಮಂಡಿಸಿದ ತರ್ಕ ಸರಳವಾಗಿತ್ತು. ಆಮ್ಲಜನಕ ಮತ್ತು ಮೀಥೇನ್ ಒಟ್ಟಿಗೆ ಬಹುಕಾಲ ಬಾಳಲಾರವು, ಒಂದನ್ನೊಂದು ನಾಶಮಾಡುತ್ತವೆ. ಆದರೂ ಭೂಮಿಯ ಗಾಳಿಯಲ್ಲಿ ಎರಡೂ ಇವೆ. ಅಂದರೆ ಯಾರೋ ಅವುಗಳನ್ನು ನಿರಂತರವಾಗಿ ತುಂಬುತ್ತಿದ್ದಾರೆ. ತುಂಬುತ್ತಿರುವುದು ಗಿಡಮರಗಳು, ಜೌಗು ನೆಲದ ಸೂಕ್ಷ್ಮಾಣುಗಳು, ಮೆಲುಕು ಹಾಕುವ ದನಕರುಗಳು. 1990ರ ಡಿಸೆಂಬರಿನಲ್ಲಿ ಗುರುಗ್ರಹಕ್ಕೆ ಹೊರಟಿದ್ದ ಗೆಲಿಲಿಯೊ ನೌಕೆಯು ಭೂಮಿಯ ಪಕ್ಕದಲ್ಲಿ ಹಾದುಹೋದಾಗ, ಕಾರ್ಲ್ ಸೇಗನ್ ಮತ್ತು ಸಂಗಡಿಗರು ಅದರ ಉಪಕರಣಗಳನ್ನು ನಮ್ಮ ಭೂಮಿಯತ್ತಲೇ ತಿರುಗಿಸಿದರು. ಅಪರಿಚಿತ ಗ್ರಹವೊಂದನ್ನು ನೋಡುವಂತೆ ನೋಡಿದಾಗ, ಆಮ್ಲಜನಕವೂ ಮೀಥೇನೂ ಜೊತೆಯಾಗಿ ಕಂಡವು. ವಿಧಾನವು ಕೆಲಸ ಮಾಡುತ್ತದೆ ಎಂಬುದು ಖಚಿತವಾಯಿತು.

ಆದರೆ ಬೆಳಕಿನ ಸಾಕ್ಷ್ಯವನ್ನು ಓದುವವನು ಮನುಷ್ಯ. ಓದಿನಲ್ಲಿ ತಪ್ಪಬಹುದು. ಈ ಅನ್ವೇಷಣೆಯ ಚರಿತ್ರೆಯು ಒಂದು ಅರ್ಥದಲ್ಲಿ ಹಿಂದೆಗೆದುಕೊಂಡ ಸುದ್ದಿಗಳ ಚರಿತ್ರೆ.

ಹಿಂದೆಗೆದುಕೊಂಡ ಸುದ್ದಿಗಳು

1957ರಲ್ಲಿ ಅಮೆರಿಕದ ಖಗೋಳ ವಿಜ್ಞಾನಿ ವಿಲಿಯಂ ಸಿಂಟನ್ ಮಂಗಳದ ಬೆಳಕಿನಲ್ಲಿ ಸಸ್ಯಗಳ ಕುರುಹನ್ನು ಕಂಡೆನೆಂದು ಪ್ರಕಟಿಸಿದರು. ಮಂಗಳದ ಕಪ್ಪು ಪ್ರದೇಶಗಳಿಂದ ಬಂದ ಬೆಳಕಿನಲ್ಲಿ, ಇಂಗಾಲ ಮತ್ತು ಜಲಜನಕ ಬೆಸೆದುಕೊಂಡ ಅಣುಗಳು ಹೀರುವ ಅಲೆಗಳು ಕಾಣೆಯಾಗಿದ್ದವು. ಪಾಲೋಮಾರ್‌ನ 200 ಅಂಗುಲದ ದೊಡ್ಡ ದೂರದರ್ಶಕದಲ್ಲಿ ಮತ್ತೆ ನೋಡಿದಾಗಲೂ ಅದು ಕಂಡಿತು. ಅದೇ ಕಾಲದಲ್ಲಿ ಸೋವಿಯತ್ ಒಕ್ಕೂಟದ ಅಲ್ಮಾ ಅತಾದಲ್ಲಿ ಗವ್ರಿಲ್ ತಿಖೋವ್ ಎಂಬವರು ಮಂಗಳದ ಸಸ್ಯಗಳ ಅಧ್ಯಯನಕ್ಕೆಂದೇ ಒಂದು ವಿಭಾಗವನ್ನು ನಡೆಸುತ್ತಿದ್ದರು. ಮಂಗಳದಲ್ಲಿ ಪಾಚಿಯಂತಹದೇನೋ ಬೆಳೆಯುತ್ತಿದೆ ಎಂದು ಅನೇಕರು ನಂಬಿದ್ದರು.

1965ರಲ್ಲಿ ಸತ್ಯ ಹೊರಬಂತು. ಆ ಕುರುಹು ಮಂಗಳದ್ದಾಗಿರಲಿಲ್ಲ. ನಮ್ಮದೇ ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಒಂದು ಬಗೆಯ ಭಾರವಾದ ನೀರಾವಿಯು ಅಂತಹುದೇ ಗುರುತನ್ನು ಮೂಡಿಸಿತ್ತು. ದೂರದ ಗ್ರಹದ ಮುಖವನ್ನು ನೋಡುತ್ತಿದ್ದೇವೆ ಎಂದುಕೊಂಡವರು ವಾಸ್ತವದಲ್ಲಿ ತಮ್ಮ ಕಿಟಕಿಯ ಗಾಜಿನ ಮೇಲಿನ ಉಸಿರನ್ನು ನೋಡುತ್ತಿದ್ದರು. ಗಮನಿಸಬೇಕಾದ ಸಂಗತಿಯೆಂದರೆ, ಈ ತಿದ್ದುಪಡಿಯನ್ನು ಪ್ರಕಟಿಸಿದವರಲ್ಲಿ ಸಿಂಟನ್ ಕೂಡ ಒಬ್ಬರು.

1969ರ ಆಗಸ್ಟಿನಲ್ಲಿ ಮರೀನರ್ 7 ನೌಕೆಯು ಮಂಗಳದ ಪಕ್ಕದಲ್ಲಿ ಹಾದುಹೋಯಿತು. ಕೆಲವೇ ದಿನಗಳಲ್ಲಿ ಜಾರ್ಜ್ ಪಿಮೆಂಟೆಲ್ ಅವರ ತಂಡವು ಪತ್ರಕರ್ತರನ್ನು ಕರೆದು, ದಕ್ಷಿಣ ಧ್ರುವದ ಹಿಮದ ಅಂಚಿನಲ್ಲಿ ಮೀಥೇನ್ ಮತ್ತು ಅಮೋನಿಯಾ ಕಂಡಿವೆ ಎಂದು ತಿಳಿಸಿತು. ಈ ಸಲ ನೋಟವು ಭೂಮಿಯ ಗಾಳಿಯಿಂದಾಚೆ, ನೌಕೆಯಿಂದಲೇ ಬಂದಿತ್ತು. ಜೀವದ ಸಾಧ್ಯತೆಯ ಕುರಿತು ಪತ್ರಿಕೆಗಳು ಬರೆದವು. ಬಳಿಕ ಪ್ರಯೋಗಾಲಯದಲ್ಲಿ ಹೆಪ್ಪುಗಟ್ಟಿದ ಇಂಗಾಲದ ಡೈಆಕ್ಸೈಡನ್ನು ಪರೀಕ್ಷಿಸಿದಾಗ, ಅದೂ ಅಂತಹುದೇ ಗೆರೆಗಳನ್ನು ಮೂಡಿಸುತ್ತದೆ ಎಂದು ಗೊತ್ತಾಯಿತು. ಘೋಷಣೆಯನ್ನು ಅವರೇ ಹಿಂದೆಗೆದುಕೊಂಡರು. ಮಂಗಳದಲ್ಲಿ ಹೇರಳವಾಗಿರುವ ಇಂಗಾಲದ ಡೈಆಕ್ಸೈಡ್, ಇಲ್ಲದ ಮೀಥೇನಿನ ವೇಷ ಧರಿಸಿ ಬಂದಿತ್ತು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. 45 ವರ್ಷಗಳ ಬಳಿಕ ನಮ್ಮ ಉಪಕರಣದ ದಾರಿಗೂ ಇದೇ ಅನಿಲ ಅಡ್ಡಬಂದಿತು.

1976ರಲ್ಲಿ ಎರಡು ವೈಕಿಂಗ್ ನೌಕೆಗಳು ಮಂಗಳದ ನೆಲಕ್ಕಿಳಿದು ಮಣ್ಣನ್ನೇ ಪರೀಕ್ಷಿಸಿದವು. ಒಂದು ಪ್ರಯೋಗವು ಜೀವ ಇದೆ ಎಂಬಂತೆ ಉತ್ತರಿಸಿತು. ಇನ್ನೊಂದು ಉಪಕರಣಕ್ಕೆ ಮಣ್ಣಿನಲ್ಲಿ ಜೀವಕ್ಕೆ ಬೇಕಾದ ಇಂಗಾಲದ ಸಂಯುಕ್ತಗಳೇ ಕಾಣಲಿಲ್ಲ. ಸಾಕ್ಷಿಗಳು ಪರಸ್ಪರ ವಿರುದ್ಧವಾಗಿ ನುಡಿದಾಗ, ಹೆಚ್ಚಿನ ವಿಜ್ಞಾನಿಗಳು ತೀರ್ಪನ್ನು ತಡೆಹಿಡಿದರು. 1996ರಲ್ಲಿ ಅಂಟಾರ್ಕ್ಟಿಕಾದಲ್ಲಿ ದೊರೆತ ಮಂಗಳದ ಉಲ್ಕಾಶಿಲೆಯೊಂದರಲ್ಲಿ ಸೂಕ್ಷ್ಮಜೀವಿಗಳ ಕುರುಹಿದೆ ಎಂದು ನಾಸಾದ ತಂಡವೊಂದು ಸಾರಿದಾಗ, ಅಮೆರಿಕದ ಅಧ್ಯಕ್ಷರೇ ಆ ಕುರಿತು ಮಾತನಾಡಿದರು. ಆ ಶಿಲೆಯ ಪ್ರತಿಯೊಂದು ಕುರುಹಿಗೂ ಜೀವವಿಲ್ಲದ ವಿವರಣೆಯನ್ನು ನಂತರದ ವರ್ಷಗಳಲ್ಲಿ ಇತರರು ಕೊಟ್ಟರು.

ಇದನ್ನು ಓದಿ ನಗುವುದು ಸುಲಭ. ನಮ್ಮ ಕಾಲಡಿಯ ಭೂಮಿಯಲ್ಲೇ ಪ್ರಾಚೀನ ಜೀವದ ಕುರುಹನ್ನು ಗುರುತಿಸುವುದು ಎಷ್ಟು ಕಷ್ಟ ಎಂದು ತಿಳಿದರೆ ನಗು ನಿಲ್ಲುತ್ತದೆ. ಬ್ಯೂಗಲ್ ರಾಕ್ ಮತ್ತು ಲಾಲ್‌ಬಾಗಿನ ಬಂಡೆಗಳು ಸುಮಾರು 300 ಕೋಟಿ ವರ್ಷ ಹಳೆಯವು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯೂ. ಎಫ್. ಸ್ಮೀತ್ ಆ ಬಗೆಯ ಶಿಲೆಗೆ 'ಪೆನಿನ್ಸುಲರ್ ನೈಸ್' ಎಂಬ ಹೆಸರಿಟ್ಟರು. ಅವು ಒತ್ತಡದಲ್ಲಿ ಬೆಂದು ಮಡಚಿದ ಕಲ್ಲುಗಳು, ಅವುಗಳಲ್ಲಿ ಜೀವದ ಗುರುತಿಲ್ಲ. ಚಿತ್ರದುರ್ಗದ ಕಡೆಯ ಸುಣ್ಣಕಲ್ಲುಗಳಲ್ಲಿ ಮಾತ್ರ 250 ಕೋಟಿ ವರ್ಷಗಳಿಗೂ ಹಳೆಯ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ದಿಬ್ಬಗಳ ಅಚ್ಚುಗಳಿವೆ. ಕೈಯಲ್ಲಿ ಹಿಡಿದು ನೋಡಬಹುದಾದ ಇಂತಹ ಕಲ್ಲನ್ನು ಕುರಿತೂ, ಇದು ಜೀವದ ಕೆಲಸವೋ ಖನಿಜದ ಆಟವೋ ಎಂದು ಭೂವಿಜ್ಞಾನಿಗಳು ದೀರ್ಘವಾಗಿ ಚರ್ಚಿಸುತ್ತಾರೆ. ಹೀಗಿರುವಾಗ ದೂರದ ಗ್ರಹದ ಗಾಳಿಯ ಕುರಿತು ಎಷ್ಟು ಎಚ್ಚರ ಬೇಕು!

ಮಂಗಳಯಾನದ ಸಂವೇದಕ

ಹನುಮಂತನಗರದಿಂದ ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ನಡೆದೇ ಹೋಗಬಹುದು. ಅಲ್ಲಿ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಆರಂಭಿಸಿದರು. ಯಾರು ಬೇಕಾದರೂ ಬಂದು ವಿಜ್ಞಾನದ ಉಪನ್ಯಾಸ ಕೇಳಿ ಪ್ರಶ್ನಿಸಬಹುದಾದ ವೇದಿಕೆ ಅದು. ಮುಂದೆ ಇಸ್ರೋ ಅಧ್ಯಕ್ಷರಾದ ಎ. ಎಸ್. ಕಿರಣ್ ಕುಮಾರ್ ಅವರು ಭೌತಶಾಸ್ತ್ರ ಕಲಿತದ್ದು ನ್ಯಾಷನಲ್ ಕಾಲೇಜಿನಲ್ಲಿ. ಉಡುಪಿ ಸಮೀಪದ ಅದಮಾರಿನಲ್ಲಿ ಹುಟ್ಟಿದ ಪ್ರೊ. ಯು. ಆರ್. ರಾವ್ ಅವರು ಇಳಿವಯಸ್ಸಿನಲ್ಲೂ ಮಂಗಳಯಾನದ ವೈಜ್ಞಾನಿಕ ಸಲಹೆಯಲ್ಲಿ ತೊಡಗಿಕೊಂಡಿದ್ದರು. ನಮ್ಮ ನಾಡಿನ ಮಣ್ಣಿಗೆ ಈ ಯಾನದ ಜೊತೆ ಹತ್ತಿರದ ಸಂಬಂಧವಿದೆ.

ಮಂಗಳದ ಮೀಥೇನ್ ಮತ್ತೆ ಸುದ್ದಿಯಾದದ್ದು 2003 ಮತ್ತು 2004ರಲ್ಲಿ. ನಾಸಾದ ಮೈಕೇಲ್ ಮಮ್ಮಾ ಅವರ ತಂಡವು ಭೂಮಿಯ ದೂರದರ್ಶಕಗಳಿಂದಲೂ, ಯುರೋಪಿನ ಮಾರ್ಸ್ ಎಕ್ಸ್‌ಪ್ರೆಸ್ ನೌಕೆಯು ಮಂಗಳದ ಕಕ್ಷೆಯಿಂದಲೂ ಅದರ ಗುರುತನ್ನು ಕಂಡವು. ಪ್ರಮಾಣ ಅತ್ಯಲ್ಪ. ಗಾಳಿಯ ನೂರು ಕೋಟಿ ಅಣುಗಳಲ್ಲಿ ಸುಮಾರು ಹತ್ತು. ಆದರೂ ಕುತೂಹಲಕ್ಕೆ ಬಲವಾದ ಕಾರಣವಿತ್ತು. ಸೂರ್ಯನ ಅತಿನೇರಳೆ ಕಿರಣಗಳು ಮಂಗಳದ ಮೀಥೇನನ್ನು ಸುಮಾರು 300 ವರ್ಷಗಳಲ್ಲಿ ಒಡೆದು ಹಾಕುತ್ತವೆ. ಆದ್ದರಿಂದ ಇಂದು ಮೀಥೇನ್ ಇದ್ದರೆ, ಅದು ಇತ್ತೀಚೆಗೆ ಹುಟ್ಟಿದ್ದಿರಬೇಕು. ಹುಟ್ಟಿಸಿದ್ದು ಸೂಕ್ಷ್ಮಾಣುಗಳಿರಬಹುದು. ನೆಲದಾಳದಲ್ಲಿ ನೀರು ಮತ್ತು ಕೆಲವು ಶಿಲೆಗಳ ನಡುವಿನ ರಾಸಾಯನಿಕ ಕ್ರಿಯೆಯೂ ಇರಬಹುದು. ಅನಿಲವೊಂದೇ ತೀರ್ಪು ಕೊಡಲಾರದು.

ಈ ಪ್ರಶ್ನೆಗೆ ಉತ್ತರಿಸಲು ನೆರವಾಗಲೆಂದು ಮಂಗಳಯಾನದ ಐದು ಉಪಕರಣಗಳಲ್ಲಿ ಒಂದಾಗಿ ಮೀಥೇನ್ ಸಂವೇದಕವನ್ನು ಅಳವಡಿಸಲಾಯಿತು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದಲ್ಲಿ ರೂಪುಗೊಂಡ ಅದರ ತೂಕ 2.94 ಕಿಲೋಗ್ರಾಂ. ನೌಕೆಯು 2013ರ ನವೆಂಬರ್ 5ರಂದು ಶ್ರೀಹರಿಕೋಟಾದಿಂದ ಹೊರಟಿತು. ಇಡೀ ಯೋಜನೆಯ ವೆಚ್ಚ ಸುಮಾರು 450 ಕೋಟಿ ರೂಪಾಯಿ.

ಸಂವೇದಕದ ಕಾರ್ಯವಿಧಾನ ಹೀಗಿತ್ತು. ಮಂಗಳದ ನೆಲದಿಂದ ಪ್ರತಿಫಲಿಸಿದ ಬೆಳಕನ್ನು ಅದು ಎರಡು ದಾರಿಗಳಲ್ಲಿ ಅಳೆಯುತ್ತಿತ್ತು. ಒಂದು ದಾರಿಯಲ್ಲಿ ಮೀಥೇನ್ ಹೀರುವ ಅಲೆಗಳು, ಇನ್ನೊಂದರಲ್ಲಿ ಹೋಲಿಕೆಗೆಂದು ಬೇರೆ ಅಲೆಗಳು. ಎರಡರ ನಡುವಿನ ವ್ಯತ್ಯಾಸವೇ ಮೀಥೇನಿನ ಲೆಕ್ಕವಾಗಬೇಕಿತ್ತು. ಆದರೆ ಮಂಗಳದ ಗಾಳಿಯ ನೂರರಲ್ಲಿ 95 ಭಾಗ ಇಂಗಾಲದ ಡೈಆಕ್ಸೈಡ್. ಅದರ ಗೆರೆಗಳ ನಡುವೆ ಮೀಥೇನಿನ ಗೆರೆಗಳನ್ನು ಬೇರ್ಪಡಿಸುವ ವಿವರವಾದ ಮಾಹಿತಿ ಈ ಸಂವೇದಕದಿಂದ ದೊರೆಯುವಂತಿರಲಿಲ್ಲ. ಹಬ್ಬದ ಹಿಂದಿನ ಸಂಜೆ ಗಾಂಧಿ ಬಜಾರಿನ ಗದ್ದಲವನ್ನು ಧ್ವನಿಮುದ್ರಿಸಿ, ಅದರ ಒಟ್ಟು ಸದ್ದಿನ ಅಳತೆಯಿಂದ ಒಂದು ಮಗುವಿನ ಪಿಸುಮಾತನ್ನು ಗುರುತಿಸಲು ಹೊರಟಂತಾಯಿತು. 2016ರ ಡಿಸೆಂಬರಿನಲ್ಲಿ ಈ ಕೊರತೆ ಬಹಿರಂಗವಾಯಿತು. ಅದನ್ನು ವಿವರಿಸಿದವರು ಮಂಗಳದ ಮೀಥೇನನ್ನು ಮೊದಲು ವರದಿಮಾಡಿದ್ದ ಅದೇ ಮಮ್ಮಾ. ಉಪಕರಣವನ್ನು ಸೊಗಸಾಗಿ ಕಟ್ಟಲಾಗಿದೆ, ಆದರೆ ಮೀಥೇನಿನ ಕೆಲಸಕ್ಕೆ ಅದು ತಕ್ಕುದಲ್ಲ ಎಂಬುದು ಅವರ ಅಭಿಪ್ರಾಯದ ಸಾರವಾಗಿತ್ತು.

ಉಪಕರಣವನ್ನು ಮೂಲೆಗೆ ಎಸೆಯಲಿಲ್ಲ. ಬೆಳಕಿನ ಪ್ರತಿಫಲನವನ್ನು ಅದು ಚೆನ್ನಾಗಿ ಅಳೆಯುತ್ತಿತ್ತು. ಆ ಅಳತೆಗಳಿಂದ ಮಂಗಳದ ನೆಲದ ಪ್ರತಿಫಲನ ನಕ್ಷೆ ಸಿದ್ಧವಾಯಿತು. ಆರು ತಿಂಗಳ ಆಯುಸ್ಸಿಗೆಂದು ಕಳುಹಿಸಿದ್ದ ನೌಕೆಯು ಸುಮಾರು ಎಂಟು ವರ್ಷ ದುಡಿದು, 2022ರಲ್ಲಿ ಮೌನವಾಯಿತು.

ಮಂಗಳದ ಮೀಥೇನಿನ ಕಥೆ ಇಂದಿಗೂ ಮುಗಿದಿಲ್ಲ. ನೆಲದ ಮೇಲೆ ಚಲಿಸುವ ಕ್ಯೂರಿಯಾಸಿಟಿ ವಾಹನವು 2013ರಲ್ಲಿ ಮೀಥೇನ್ ಇಲ್ಲವೆಂದಿತು, ಮುಂದೆ ಇದೆಯೆಂದಿತು, 2019ರ ಜೂನಿನಲ್ಲಿ ನೂರು ಕೋಟಿಗೆ 21 ಎಂಬ ದೊಡ್ಡ ಅಳತೆಯನ್ನು ಕೊಟ್ಟಿತು. ಅದೇ ವರ್ಷ ಪ್ರಕಟವಾದ ಯುರೋಪ್ ಮತ್ತು ರಷ್ಯಾದ ಕಕ್ಷಾನೌಕೆಯ ವರದಿಯು, ಬಹಳ ಸೂಕ್ಷ್ಮವಾಗಿ ಹುಡುಕಿದರೂ ಮೀಥೇನ್ ಸಿಗಲಿಲ್ಲ ಎಂದಿತು. ಕ್ಯೂರಿಯಾಸಿಟಿಯ ಉಪಕರಣದೊಳಗೆ ಭೂಮಿಯಿಂದಲೇ ಹೋದ ಮೀಥೇನ್ ಸ್ವಲ್ಪ ಇತ್ತು ಎಂಬುದನ್ನು ಕೆಲವು ವಿಜ್ಞಾನಿಗಳು ಎತ್ತಿ ತೋರಿಸಿದ್ದಾರೆ. ಎರಡು ಸಾಕ್ಷಿಗಳ ಜಗಳ ಮುಂದುವರಿದಿದೆ.

ಚಂದ್ರನ ನೀರು ಮತ್ತು ಮೂವರು ಸಾಕ್ಷಿಗಳು

ಎಲ್ಲ ಸುದ್ದಿಯೂ ಹೀಗೆ ಬಿದ್ದುಹೋಗುತ್ತದೆ ಎಂದು ಭಾವಿಸಬಾರದು. 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ 1ರಲ್ಲಿ ನಾಸಾ ಕಳುಹಿಸಿದ್ದ ಒಂದು ಉಪಕರಣವಿತ್ತು. ಬೆಂಗಳೂರಿನ ಹೊರವಲಯದ ಬ್ಯಾಲಾಳು ಗ್ರಾಮದಲ್ಲಿ ನಿಂತಿರುವ 32 ಮೀಟರ್ ಅಗಲದ ಆಂಟೆನಾ ಆ ಯಾನಕ್ಕೆಂದೇ ಸ್ಥಾಪನೆಯಾದದ್ದು. ಚಂದ್ರನ ಮಣ್ಣಿನ ಬೆಳಕಿನಲ್ಲಿ ನೀರಿನ ಅಣುವಿನ ಬೆರಳಚ್ಚು ಕಂಡಿತು. ಒಣಗಿದ ಲೋಕವೆಂದು ತಿಳಿದಿದ್ದ ಚಂದ್ರನಲ್ಲಿ ನೀರೇ?

ಆ ವಿಜ್ಞಾನಿಗಳು ಒಂಟಿಯಾಗಿ ಘೋಷಿಸಲಿಲ್ಲ. ಕಸೀನಿ ನೌಕೆಯು 1999ರಲ್ಲಿ ಶನಿಯತ್ತ ಸಾಗುವಾಗ ಚಂದ್ರನನ್ನು ನೋಡಿ ದಾಖಲಿಸಿದ್ದ ಹಳೆಯ ಮಾಹಿತಿಯನ್ನು ಹೊರತೆಗೆದು ಪರಿಶೀಲಿಸಲಾಯಿತು. ಧೂಮಕೇತುವಿನತ್ತ ಹೊರಟಿದ್ದ ಡೀಪ್ ಇಂಪ್ಯಾಕ್ಟ್ ನೌಕೆಯಿಂದ 2009ರ ಜೂನಿನಲ್ಲಿ ಮತ್ತೊಮ್ಮೆ ನೋಡಲಾಯಿತು. ಬೇರೆ ಬೇರೆ ಕಾಲ, ಬೇರೆ ಬೇರೆ ನೌಕೆ, ಬೇರೆ ಬೇರೆ ಉಪಕರಣ. ಮೂರೂ ಒಂದೇ ಮಾತನ್ನು ಹೇಳಿದವು. 2009ರ ಸೆಪ್ಟೆಂಬರಿನಲ್ಲಿ ಮೂರು ಲೇಖನಗಳು ಒಟ್ಟಿಗೆ ಪ್ರಕಟವಾದವು. ಆ ಸುದ್ದಿ ನಿಂತಿತು.

ಹದೀಸ್ ವಿದ್ಯೆ ಕಲಿಸಿದ ಅಳತೆ

ಮದ್ರಸದಲ್ಲಿ ಉಸೂಲುಲ್ ಹದೀಸ್ ಓದಿದವರಿಗೆ ಈ ಚರಿತ್ರೆ ಅಪರಿಚಿತವೆನಿಸುವುದಿಲ್ಲ. ಒಂದು ವರದಿಯನ್ನು ಸ್ವೀಕರಿಸುವ ಮುನ್ನ ನಮ್ಮ ಇಮಾಮರು ವರದಿಗಾರನಲ್ಲಿ ಎರಡು ಗುಣಗಳನ್ನು ಹುಡುಕುತ್ತಿದ್ದರು. ಒಂದು ಅದಾಲತ್, ಅಂದರೆ ಪ್ರಾಮಾಣಿಕತೆ. ಇನ್ನೊಂದು ಝಬ್ತ್, ಅಂದರೆ ಕೇಳಿದ್ದನ್ನು ಬೆರಕೆಯಾಗದಂತೆ ಹಿಡಿದಿಟ್ಟುಕೊಳ್ಳುವ ನಿಖರತೆ. ವರದಿಗಾರನು ಸಜ್ಜನನಾಗಿದ್ದರೆ ಸಾಲದು. ಸಜ್ಜನನ ನೆನಪಿನಲ್ಲೂ ಎರಡು ಮಾತುಗಳು ಬೆರೆತುಹೋಗಬಹುದು. ಒಬ್ಬನ ವರದಿಗೆ ಬೇರೆ ದಾರಿಯಿಂದ ಬಂದ ಶವಾಹಿದ್, ಅಂದರೆ ಬೆಂಬಲದ ಸಾಕ್ಷ್ಯಗಳು ದೊರೆತಾಗ ಅದರ ಬಲ ಹೆಚ್ಚುತ್ತಿತ್ತು. ಮಂಗಳಯಾನದ ಸಂವೇದಕವನ್ನು ಕಟ್ಟಿದವರ ಪ್ರಾಮಾಣಿಕತೆಯನ್ನು ಯಾರೂ ಶಂಕಿಸಲಾರರು. ಕೊರತೆಯಿದ್ದದ್ದು ಆ ಯಂತ್ರದ ಝಬ್ತ್‌ನಲ್ಲಿ, ಅದೂ ಒಂದು ವಿಷಯಕ್ಕೆ ಸಂಬಂಧಿಸಿದಂತೆ ಮಾತ್ರ. ಚಂದ್ರನ ನೀರಿಗೆ ಶವಾಹಿದ್ ದೊರೆತವು, ಮಂಗಳದ ಮೀಥೇನಿಗೆ ಇನ್ನೂ ದೊರೆತಿಲ್ಲ.

ಒಂದರಲ್ಲಿ ದುರ್ಬಲನಾದವನು ಎಲ್ಲದರಲ್ಲೂ ದುರ್ಬಲನಲ್ಲ ಎಂಬುದೂ ಅದೇ ವಿದ್ಯೆಯ ಪಾಠ. ಹಫ್ಸ್ ಬಿನ್ ಸುಲೈಮಾನ್ ಅವರನ್ನು ಹದೀಸ್ ವರದಿಯಲ್ಲಿ ದುರ್ಬಲರೆಂದು ಮುಹದ್ದಿಸ್‌ಗಳು ದಾಖಲಿಸಿದ್ದಾರೆ. ಆದರೆ ಇಮಾಮ್ ಆಸಿಮ್ ಅವರಿಂದ ಅವರು ಕಲಿತು ಉಳಿಸಿದ ಕುರ್‌ಆನ್ ಪಾರಾಯಣದ ಕ್ರಮವನ್ನೇ ಇಂದು ನಾವು ನಮ್ಮ ನಮಾಝಿನಲ್ಲಿ ಓದುತ್ತಿದ್ದೇವೆ. ಅವರ ದೌರ್ಬಲ್ಯವನ್ನು ಮರೆಮಾಚಲಿಲ್ಲ, ಅವರ ಬಲವನ್ನೂ ನಿರಾಕರಿಸಲಿಲ್ಲ. ಮೀಥೇನ್ ಅಳೆಯಲಾರದ ಸಂವೇದಕದ ಪ್ರತಿಫಲನ ನಕ್ಷೆಯನ್ನು ವಿಜ್ಞಾನಿಗಳು ಸ್ವೀಕರಿಸಿದ್ದು ಇದೇ ನ್ಯಾಯದಿಂದ.

ಹದೀಸ್‌ಗಳಿಗೆ ಸಹೀಹ್, ಹಸನ್, ಝಈಫ್ ಎಂಬ ದರ್ಜೆಗಳಿರುವಂತೆ ಅನ್ಯಲೋಕದ ಜೀವದ ಸುದ್ದಿಗೂ ದರ್ಜೆ ಬೇಕೆಂದು ವಿಜ್ಞಾನಿಗಳಿಗೆ ಅನಿಸಿತು. 2021ರಲ್ಲಿ ನಾಸಾದ ವಿಜ್ಞಾನಿಗಳು ಏಳು ಮೆಟ್ಟಿಲುಗಳ ಒಂದು ಅಳತೆಯನ್ನು ಸೂಚಿಸಿದರು. ಕುರುಹು ಕಂಡಿತು ಎಂಬುದು ಮೊದಲ ಮೆಟ್ಟಿಲು ಮಾತ್ರ. ಮಾಲಿನ್ಯವಲ್ಲ ಎಂದು ತೋರಿಸಬೇಕು, ಜೀವವಿಲ್ಲದೆಯೂ ಅದು ಹುಟ್ಟಬಹುದೇ ಎಂದು ಪರೀಕ್ಷಿಸಬೇಕು, ಸ್ವತಂತ್ರವಾದ ಬೇರೆ ಸಾಕ್ಷ್ಯ ಬೇಕು.

ಇತ್ತೀಚಿನ ಸುದ್ದಿಗಳನ್ನು ಈ ಅಳತೆಯಿಂದ ನೋಡೋಣ. 2020ರಲ್ಲಿ ಶುಕ್ರಗ್ರಹದ ಮೋಡಗಳಲ್ಲಿ ಫಾಸ್ಫೀನ್ ಇದೆ ಎಂಬ ವರದಿ ಬಂದಿತು, ಅದು ವಿವಾದದಲ್ಲಿದೆ. 2025ರ ಏಪ್ರಿಲಿನಲ್ಲಿ ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಅವರ ತಂಡವು, 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಎಂಬ ಗ್ರಹದಲ್ಲಿ ಡೈಮೀಥೈಲ್ ಸಲ್ಫೈಡಿನ ಸುಳಿವಿದೆ ಎಂದಿತು. ಭೂಮಿಯಲ್ಲಿ ಆ ಅನಿಲವನ್ನು ಮುಖ್ಯವಾಗಿ ಸಮುದ್ರದ ಸೂಕ್ಷ್ಮ ಸಸ್ಯಗಳು ಹೊರಸೂಸುತ್ತವೆ. ಅದೇ ಮಾಹಿತಿಯನ್ನು ಮರುಪರಿಶೀಲಿಸಿದ ಇತರ ತಂಡಗಳಿಗೆ ಸುಳಿವು ಸಾಕಷ್ಟು ಬಲವಾಗಿ ಕಾಣಲಿಲ್ಲ. ಜೀವವಿಲ್ಲದ ಧೂಮಕೇತುವೊಂದರಲ್ಲೂ ಆ ಅಣು ಪತ್ತೆಯಾಗಿದೆ. 2025ರ ಸೆಪ್ಟೆಂಬರಿನಲ್ಲಿ ಪರ್ಸಿವರೆನ್ಸ್ ವಾಹನವು ಮಂಗಳದ ಒಂದು ಕಲ್ಲಿನಲ್ಲಿ ಕಂಡ ಖನಿಜಗಳ ಕುರಿತು ಲೇಖನ ಪ್ರಕಟವಾಯಿತು. ಸೂಕ್ಷ್ಮಾಣುಗಳ ಕೆಲಸದಿಂದ ಹುಟ್ಟಬಹುದಾದ ಖನಿಜಗಳು ಅವು. ಬರೆದವರು ಬಳಸಿದ ಪದ 'ಸಂಭಾವ್ಯ ಜೀವಕುರುಹು'. ಜೀವ ಸಿಕ್ಕಿತು ಎಂದು ಅವರು ಬರೆಯಲಿಲ್ಲ. ಆದರೆ ನಮ್ಮ ವಾಟ್ಸಾಪ್ ಗುಂಪುಗಳಿಗೆ ಆ ಸುದ್ದಿ ತಲುಪುವಷ್ಟರಲ್ಲಿ 'ಸಂಭಾವ್ಯ' ಎಂಬ ಪದ ದಾರಿಯಲ್ಲೇ ಬಿದ್ದುಹೋಗಿತ್ತು. ಅದರ ಜಾಗದಲ್ಲಿ ಕುರ್‌ಆನಿನ ಸೂಕ್ತವೊಂದು ಬಂದು ಕುಳಿತಿತ್ತು. 2014ರ ನಮ್ಮ ತಪ್ಪು ಹೀಗೆ ಸಾವಿರ ಕೈಗಳಲ್ಲಿ ಮರುಕಳಿಸುತ್ತಿದೆ.

ಮದೀನದ ಗ್ರಹಣ

ಅಲ್‌ಹುಜುರಾತ್ ಅಧ್ಯಾಯದ 6ನೆಯ ಸೂಕ್ತವು, ನಂಬಲರ್ಹನಲ್ಲದವನು ತಂದ ಸುದ್ದಿಯನ್ನು ಪರಿಶೀಲಿಸಿ ನೋಡಬೇಕೆಂದು ಸತ್ಯವಿಶ್ವಾಸಿಗಳಿಗೆ ಆಜ್ಞಾಪಿಸುತ್ತದೆ. ಆ ಸುದ್ದಿಯು ನಮಗೆ ಅನುಕೂಲಕರವಾಗಿದ್ದರೆ ಪರಿಶೀಲನೆಯಿಂದ ವಿನಾಯಿತಿ ಇದೆಯೇ? ಇದಕ್ಕೆ ಪ್ರವಾದಿವರ್ಯರ(ಸ) ಜೀವನದಲ್ಲಿ ನಿಚ್ಚಳವಾದ ಉತ್ತರವಿದೆ.

ಪ್ರವಾದಿ(ಸ)ಯವರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಮದೀನದಲ್ಲಿ ಸೂರ್ಯಗ್ರಹಣವಾಯಿತು. ಖಗೋಳ ಗಣಿತದ ಪ್ರಕಾರ ಅದು ಕ್ರಿ.ಶ. 632ರ ಜನವರಿ 27. ಮಗುವಿನ ಮರಣಕ್ಕಾಗಿ ಸೂರ್ಯನೂ ಮಂಕಾದನು ಎಂದು ಜನರು ಮಾತನಾಡಿಕೊಂಡರು. ದುಃಖದಲ್ಲಿದ್ದ ತಂದೆಗೆ ಅದಕ್ಕಿಂತ ಸಾಂತ್ವನದ ಮಾತು ಯಾವುದಿತ್ತು? ತಮ್ಮ ಪ್ರವಾದಿತ್ವಕ್ಕೆ ಆಕಾಶವೇ ಸಾಕ್ಷಿ ನುಡಿಯಿತು ಎನ್ನಲು ಅದಕ್ಕಿಂತ ಒಳ್ಳೆಯ ಸಂದರ್ಭ ಯಾವುದಿತ್ತು? ಸುಮ್ಮನಿದ್ದರೂ ಸಾಕಾಗಿತ್ತು. ಆದರೆ ಪ್ರವಾದಿ(ಸ) ಸುಮ್ಮನಿರಲಿಲ್ಲ. ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರ ಹುಟ್ಟಿಗಾಗಲಿ ಸಾವಿಗಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ಜನರಿಗೆ ಸ್ಪಷ್ಟವಾಗಿ ತಿಳಿಸಿದರು. ತಪ್ಪು ಸಾಕ್ಷ್ಯದಿಂದ ದೊರೆಯುವ ಗೌರವವನ್ನು ಅವರು ಸ್ವೀಕರಿಸಲಿಲ್ಲ.

ಈಗ ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರಿಸಬಹುದು. ಅಶ್ಶೂರಾ ಅಧ್ಯಾಯದ ಆ ಸೂಕ್ತಕ್ಕೆ ಏನೂ ಆಗಲಿಲ್ಲ. ಅದು 2.94 ಕಿಲೋಗ್ರಾಂ ತೂಕದ ಯಂತ್ರದ ಮೇಲೆ ಎಂದೂ ನಿಂತಿರಲಿಲ್ಲ. ಅದನ್ನು ಅಲ್ಲಿ ನಿಲ್ಲಿಸಿದವರು ನಾವು. ಆ ಸೂಕ್ತದಲ್ಲಿನ ಜೀವಿಗಳೆಂದರೆ ದೇವಚರರೂ ಮನುಷ್ಯರೂ ಎಂದು ಹಿಂದಿನ ವ್ಯಾಖ್ಯಾನಕಾರರಾದ ಮುಜಾಹಿದ್ ಅರ್ಥೈಸಿದ್ದಾರೆ. ಬೇರೆ ಬಗೆಯ ಜೀವಿಗಳೂ ಇರಬಹುದೆಂದು ಇತರರು ಅರ್ಥೈಸಿದ್ದಾರೆ. ಬಿದ್ದದ್ದು ನಮ್ಮ ಅವಸರದ ವ್ಯಾಖ್ಯಾನ. ನಾಳೆ ಮಂಗಳದ ಕಲ್ಲಿನಲ್ಲಿ ಜೀವದ ಕುರುಹು ಖಚಿತವಾದರೆ ನಾವು ಸೃಷ್ಟಿಕರ್ತನನ್ನು ಸ್ತುತಿಸುತ್ತೇವೆ. ಖಚಿತವಾಗದಿದ್ದರೂ ಅದೇ ಸ್ತುತಿ.

ಆ ಹುಡುಗ ಈಗ ಎಂಜಿನಿಯರ್. ಕಳೆದ ರಮಝಾನಿನಲ್ಲಿ ಭೇಟಿಯಾದಾಗ ನಾವು ಅವನ ಮುಂದೆ ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಅವನು ನಕ್ಕು, 2023ರಲ್ಲಿ ಹಾರಿದ ಚಂದ್ರಯಾನ 3ರ ಕುರಿತು ಹೇಳಿದನು. ಅದರ ನೋದನ ಘಟಕದಲ್ಲಿ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರವು ತಯಾರಿಸಿದ 'ಶೇಪ್' ಎಂಬ ಉಪಕರಣವಿದೆ. ಅದು ನೋಡುವುದು ಅನ್ಯಗ್ರಹವನ್ನಲ್ಲ, ನಮ್ಮ ಭೂಮಿಯನ್ನೇ. ಜೀವವಿರುವ ಗ್ರಹವೊಂದು ದೂರದಿಂದ ಹೇಗೆ ಕಾಣುತ್ತದೆ ಎಂಬುದನ್ನು ಮೊದಲು ಸರಿಯಾಗಿ ಕಲಿತರೆ ಮಾತ್ರ ಬೇರೆ ಲೋಕಗಳ ಬೆಳಕನ್ನು ಓದಲು ಸಾಧ್ಯ ಎಂಬುದು ಅದರ ಹಿಂದಿನ ವಿವೇಕ. ಪರರನ್ನು ಅಳೆಯುವ ಮುನ್ನ ತನ್ನ ಅಳತೆಗೋಲನ್ನು ತನ್ನ ಮೇಲೆಯೇ ಪ್ರಯೋಗಿಸುವುದು ವಿಜ್ಞಾನಿಗೂ ಒಳ್ಳೆಯದು, ಉಸ್ತಾದನಿಗೂ ಒಳ್ಳೆಯದು.

ಕೇಳಿದ್ದನ್ನೆಲ್ಲ ಹರಡುವ ಆತುರದಿಂದ ಅಲ್ಲಾಹನು ನಮ್ಮನ್ನು ಕಾಪಾಡಲಿ. ತಪ್ಪನ್ನು ತಪ್ಪೆಂದು ಒಪ್ಪಿಕೊಳ್ಳುವ ಧೈರ್ಯವನ್ನು ನಮಗೂ ನಮ್ಮ ಮಕ್ಕಳಿಗೂ ಅನುಗ್ರಹಿಸಲಿ. ಆಕಾಶಗಳಲ್ಲಿ ಏನಿದೆ ಎಂಬುದನ್ನು ಅಲ್ಲಾಹನೇ ಹೆಚ್ಚು ಬಲ್ಲವನು.